ಕಲ್ಲು ಯಾವ ಗಳಿಗೆಯಲ್ಲಿ ‘ಅವನು’ ಆಗುತ್ತದೆ?

ಮೈಸೂರಿನಲ್ಲಿ ಕುಳಿತು ಮಕ್ಕಳ ಅನಿಮೇಷನ್ ಸರಣಿಗಳಿಗೆ ಕನ್ನಡದ ಸಂಭಾಷಣೆ ಬರೆಯುವುದು ನನ್ನ ಕೆಲಸ. ಈಗ ಡಬ್ಬಿಂಗ್ ನಡೆಯುತ್ತಿರುವ ಸರಣಿಯ ಹೆಸರನ್ನು ಒಪ್ಪಂದದ ಪ್ರಕಾರ ಹೇಳುವಂತಿಲ್ಲ. ಹೊಳೆಯ ದಡದಲ್ಲಿ ವಾಸಿಸುವ ಅಳಿಲು, ಕಪ್ಪೆ ಮತ್ತು ಮೊಲ ಎಂಬ ಮೂವರು ಗೆಳೆಯರ ಕಥೆ ಅದು ಎಂದರೆ ಸಾಕು. ಒಂದೊಂದು ಸಂಚಿಕೆಗೆ 11 ನಿಮಿಷ. ‘ಮೂವರು’ ಎಂದು ಬರೆದೆನೇ ಹೊರತು ‘ಮೂರು’ ಎಂದಲ್ಲ. ನಾನು ಎಡವಿದ್ದು ಆ ವ್ಯತ್ಯಾಸದಲ್ಲಿಯೇ.

ಕನ್ನಡದಲ್ಲಿ ಈ ಕೆಲಸಕ್ಕೆ ಹಿರಿಯರಿಂದ ಬಂದ ಪಾಠಗಳು ಕಡಿಮೆ. ಡಬ್ಬಿಂಗ್‌ಗೆ ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ವಿರೋಧವಿತ್ತು. ಅದನ್ನು ತಡೆಯುವುದು ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಆದೇಶಿಸಿದ ಮೇಲೆಯೇ ಬಾಗಿಲು ಸರಿಯಾಗಿ ತೆರೆದುಕೊಂಡಿತು. ಹೀಗಾಗಿ ನಮ್ಮ ನಿಯಮಗಳನ್ನು ನಾವೇ ಮಾಡಿಕೊಂಡಿದ್ದೇವೆ. ಸರಣಿಯ ಆರಂಭದಲ್ಲಿ ನಾನೊಂದು ಪಟ್ಟಿ ತಯಾರಿಸಿದ್ದೆ: ಮಾತನಾಡುವ ಪ್ರಾಣಿ ‘ಅವನು’ ಅಥವಾ ‘ಅವಳು’, ಮಾತನಾಡದ ಜೇನುನೊಣ, ಮೀನು, ಹುಳುಗಳೆಲ್ಲ ‘ಅದು’. ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿಯೇ ಲಿಂಗವನ್ನು ಹೊತ್ತು ತಿರುಗುವುದರಿಂದ, ಇಂತಹ ಪಟ್ಟಿಯಿಲ್ಲದೆ ಒಂದು ಪುಟವನ್ನೂ ಬರೆಯಲಾಗುವುದಿಲ್ಲ.

ತೊಂದರೆಯಾದ ಸಂಚಿಕೆಯ ಕಥೆ ಸರಳ. ಮಳೆ ನಿಂತ ಮಾರನೆಯ ದಿನ ಹೊಳೆಯ ದಡದಲ್ಲಿ ಹೊಸದೊಂದು ಕಲ್ಲು ಕಾಣಿಸುತ್ತದೆ. ಅಳಿಲು ಅದರ ಮೇಲೆ ಕುಳಿತು ಹಣ್ಣು ತಿನ್ನುತ್ತಾಳೆ, ಕಪ್ಪೆ ಅದರ ಮೇಲಿಂದ ನೀರಿಗೆ ಜಿಗಿಯುತ್ತಾನೆ. ನಾಲ್ಕನೆಯ ನಿಮಿಷದಲ್ಲಿ ಕಲ್ಲು ಅಲ್ಲಾಡುತ್ತದೆ. ಏಳನೆಯ ನಿಮಿಷದಲ್ಲಿ ಅದರೊಳಗಿನಿಂದ ಒಂದು ಮುದಿ ತಲೆ ಹೊರಬಂದು, ಇನ್ನು ಇಳಿಯಬಹುದೇ ಎಂದು ಕೇಳುತ್ತದೆ. ಅದು ಆಮೆ.

ಅಲ್ಲಾಡುವ ಆ ದೃಶ್ಯದಲ್ಲಿ ಅಳಿಲಿನ ಮುಖ ಪರದೆಯ ತುಂಬ ಇರುತ್ತದೆ. ಮೂಲದಲ್ಲಿ ಅವಳು ಹೇಳುವುದು ‘ಇಟ್ ಮೂವ್ಡ್’. ಎರಡನೆಯ ಪದದ ಆರಂಭದಲ್ಲಿ ತುಟಿಗಳು ಮುಚ್ಚುತ್ತವೆ, ಆಮೇಲೆ ಬಾಯಿ ಬೆರಗಿನಿಂದ ತೆರೆದೇ ಇರುತ್ತದೆ. ತುಟಿ ಮುಚ್ಚುವ ಕಡೆ ನಮಗೂ ಪ, ಬ, ಮಗಳಲ್ಲಿ ಒಂದು ಬೇಕು. ಇಲ್ಲದಿದ್ದರೆ ಮಾತು ಮುಖಕ್ಕೆ ಅಂಟುವುದಿಲ್ಲ. ಅರ್ಧ ಗಂಟೆ ತಿಣುಕಿದ ಮೇಲೆ ‘ಅಮ್ಮಾ, ಅಲ್ಲಾಡ್ದ!’ ಎಂದು ಬರೆದೆ. ‘ಅಮ್ಮಾ’ದ ಮಕಾರ ತುಟಿಗೆ ಸರಿಯಾಗಿ ಕೂತಿತು. ನಿಜ ಹೇಳಬೇಕೆಂದರೆ, ಆ ಸಾಲಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಅಳಿಲಿಗೆ ಧ್ವನಿ ಕೊಡುತ್ತಿದ್ದವಳು ರಂಗಾಯಣದ ಚಿಣ್ಣರ ಮೇಳದಲ್ಲಿ ನಾಟಕವಾಡಿದ್ದ ಹನ್ನೊಂದು ವರ್ಷದ ಹುಡುಗಿ. ಮೊದಲ ಟೇಕ್ ಮುಗಿಸಿ ಹೆಡ್‌ಫೋನ್ ತೆಗೆದವಳು ಗಾಜಿನ ಆಚೆಯಿಂದ ಕೇಳಿದಳು: “ಸರ್, ಇದು ಇನ್ನೂ ಕಲ್ಲು ತಾನೇ? ಕಲ್ಲಿಗೆ ಯಾಕೆ ಅಲ್ಲಾಡ್ದ ಅಂತೀನಿ? ನಂಗೆ ಮೊದಲೇ ಗೊತ್ತಿತ್ತಾ?”

ಸೌಂಡ್ ಎಂಜಿನಿಯರ್ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಇಡೀ ಚಿತ್ರಕಥೆಯನ್ನು ಮೊದಲೇ ಓದಿದ್ದ ನನಗೆ ಅದು ಆಮೆ ಎಂದು ಗೊತ್ತಿತ್ತು. ಪಟ್ಟಿಯಲ್ಲಿ ಆಮೆಯ ಎದುರು ‘ಅವನು’ ಎಂದಿತ್ತು. ಮೂಲದಲ್ಲಿ ನಿರ್ಜೀವ ವಸ್ತುವಿಗೆ ಹೇಳುವ ಸರ್ವನಾಮ ಕಣ್ಣೆದುರಿಗೇ ಇದ್ದರೂ, ತುಟಿಯ ಮಕಾರವನ್ನು ಹುಡುಕುವ ಭರದಲ್ಲಿ ಅದನ್ನು ದಾಟಿಕೊಂಡು ಹೋಗಿದ್ದೆ. ಅಳಿಲಿಗೆ ಇನ್ನೂ ತಿಳಿಯದ್ದನ್ನು ಅವಳ ಬಾಯಿಂದಲೇ ಹೇಳಿಸಿ, ಏಳನೆಯ ನಿಮಿಷದ ಗುಟ್ಟನ್ನು ನಾಲ್ಕನೆಯ ನಿಮಿಷದಲ್ಲಿ ರಟ್ಟು ಮಾಡಿದ್ದೆ.

ಮೈಸೂರಿನವನಾಗಿ ಇದು ನನಗೆ ಹೊಳೆಯಬೇಕಿತ್ತು. ದಸರೆಯಲ್ಲಿ ಅರಮನೆಯ ಮುಂದೆ ‘ಆನೆ ಬಂತು, ಆನೆ ಬಂತು’ ಎಂದು ಕೂಗುವ ಜನರೇ, 2020ರಿಂದ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುತ್ತಿರುವ ಆನೆಯ ಗುರುತು ಹತ್ತಿದ ಕೂಡಲೇ ‘ಅಭಿಮನ್ಯು ಬಂದ’ ಎನ್ನುತ್ತಾರೆ. ಪ್ರಾಣಿ ಅದೇ, ನಡಿಗೆ ಅದೇ. ಬದಲಾಗಿರುವುದು ನೋಡುವವರಿಗೂ ಅದಕ್ಕೂ ಇರುವ ಪರಿಚಯ ಮಾತ್ರ. ನನ್ನ ಪಟ್ಟಿಯಲ್ಲಿ ಪ್ರಾಣಿಗಳಿದ್ದವು, ನೋಡುವವರು ಇರಲಿಲ್ಲ.

ಆ ದಿನದ ರೆಕಾರ್ಡಿಂಗ್ ನಿಲ್ಲಿಸಿ ಕಲ್ಲಿನ ಪ್ರಸ್ತಾಪವಿದ್ದ ಸಾಲುಗಳನ್ನೆಲ್ಲ ತಿದ್ದಿದೆ. ಸ್ಟುಡಿಯೋದ ಅರ್ಧ ದಿನದ ಬಾಡಿಗೆ ನನ್ನ ಲೆಕ್ಕಕ್ಕೆ ಬಿತ್ತು. ‘ಅಲ್ಲಾಡ್ದ’ ಹೋಗಿ ‘ಅಲ್ಲಾಡ್ತು’ ಬಂದರೂ ಅಳತೆ ಹೆಚ್ಚು ಕಡಿಮೆಯಾಗದಿದ್ದುದರಿಂದ, ಜಂಬದ ‘ಅಮ್ಮಾ’ ಅದೃಷ್ಟವಶಾತ್ ಉಳಿಯಿತು. ತಿದ್ದುವಾಗಲೇ ಮೂಲದಲ್ಲಿ ಇಲ್ಲದ ಇನ್ನೊಂದು ಅನುಕೂಲವೂ ಕಣ್ಣಿಗೆ ಬಿತ್ತು. ತಲೆ ಹೊರಬಂದ ಮೇಲೆ ಮೂಲದಲ್ಲಿ ಎಲ್ಲರಿಗೂ ಒಂದೇ ‘ಹೀ’. ನಮ್ಮಲ್ಲಿ ಹಾಗಲ್ಲ. ಬೆನ್ನ ಮೇಲೆ ಕುಳಿತದ್ದಕ್ಕೆ ನಾಚಿದ ಅಳಿಲು ‘ತಾತ ಎದ್ರು’ ಎಂದಳು. ಯಾರಿಗೂ ಸೊಪ್ಪು ಹಾಕದ ಕಪ್ಪೆ ‘ಮುದುಕ ಎದ್ದ’ ಎಂದ. ಹೆದರಿ ಪೊದೆಯ ಹಿಂದೆ ಅಡಗಿದ ಮೊಲಕ್ಕೆ ಮಾತ್ರ ಅದು ಇನ್ನೂ ‘ಎದ್ಬಿಡ್ತು’. ಮೂವರ ಸ್ವಭಾವವೂ ಒಂದೊಂದು ಪ್ರತ್ಯಯದಲ್ಲಿ ಬಂದುಬಿಟ್ಟಿತು.

ಎರಡು ವಾರದ ನಂತರ ಗ್ರಾಹಕರ ಗುಣಮಟ್ಟ ಪರೀಕ್ಷಕರಿಂದ ಟಿಪ್ಪಣಿ ಬಂದಿತು: ಒಂದೇ ಪಾತ್ರವನ್ನು ಮೂರು ಬಗೆಯಲ್ಲಿ ಕರೆಯಲಾಗಿದೆ, ದಯವಿಟ್ಟು ಏಕರೂಪಗೊಳಿಸಿ. ಅವರಿಗೆ ಒಂದೂವರೆ ಪುಟದ ಉತ್ತರ ಬರೆದು, ಪ್ರತಿ ಸಾಲಿನ ಎದುರು ಹೇಳುವವರು ಯಾರು, ಆ ಕ್ಷಣಕ್ಕೆ ಅವರಿಗೆ ತಿಳಿದಿರುವುದೇನು ಎಂಬುದನ್ನು ಟೈಮ್‌ಕೋಡ್ ಸಮೇತ ನಮೂದಿಸಿದೆ. ಬದಲಾವಣೆಯಿಲ್ಲದೆ ಒಪ್ಪಿಗೆ ಸಿಕ್ಕಿತು.

ಆ ಉತ್ತರಕ್ಕಾಗಿ ಹಾಕಿದ ಕಾಲಂ ಈಗ ನನ್ನ ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಇದೆ. ಮುಂದಿನ ಸಂಚಿಕೆಯಲ್ಲಿ ಹೊಲದ ಬೆದರುಬೊಂಬೆಯೊಂದು ಬರುತ್ತದೆ, ಕೊನೆಯವರೆಗೂ ಬಾಯಿ ಬಿಡುವುದಿಲ್ಲ, ಆದರೆ ಅದಕ್ಕೆ ದಿನವೂ ತನ್ನ ಕಷ್ಟಸುಖ ಹೇಳಿಕೊಳ್ಳುವುದು ಮೊಲದ ಅಭ್ಯಾಸ. ಮೊಲದ ಸಾಲುಗಳ ಎದುರು ಆ ಕಾಲಂ ಇನ್ನೂ ಖಾಲಿಯಿದೆ.