ಪ್ಲಾಸ್ಟಿಕ್ ಬೊಂಡಾಸ್ ಮತ್ತು ಎರಡು ಮೊಳ ದಾರ

ಪೆಸಿಫಿಕ್ ಸಾಗರದ ಸಾಲ್ಮನ್ ಮೀನನ್ನು ಹಿಡಿಯುವ ವಿಧಾನದ ಬಗ್ಗೆ ಬಾಗಲಕೋಟೆಯಲ್ಲಿ ಕುಳಿತು ಬರೆಯಲು ಕಾರಣ ನನ್ನ ತಮ್ಮ. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ನೆಲೆಸಿರುವ ಅವನ ದೋಣಿಯಲ್ಲಿ ನಾನೂ ಆ ಸಮುದ್ರಕ್ಕೆ ಗಾಳ ಇಳಿಸಿದ್ದೇನೆ; ಕಳೆದ ಚಳಿಗಾಲದಲ್ಲಿ ರಜೆಗೆ ಬಂದಾಗ ಅವನು ತನ್ನ ಗಾಳದ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ. ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕುವ ನಮ್ಮ ಗೆಳೆಯರು ನವನಗರದ ಮನೆಗೆ ಬಂದು ಪೆಟ್ಟಿಗೆಯನ್ನು ಬಿಚ್ಚಿ ಅದರಲ್ಲಿದ್ದ ಪ್ಲಾಸ್ಟಿಕ್ ಗೊಂಬೆಗಳನ್ನು ನೋಡಿದರು, ಮತ್ತು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾವ ಬಣ್ಣಕ್ಕೆ ಮೀನು ಬೀಳುತ್ತದೆ? ನನ್ನ ಅಭಿಪ್ರಾಯದಲ್ಲಿ ಬಣ್ಣ ಮೂರನೆಯ ಮಾತು. ಮೊದಲನೆಯದು ದಾರದ ಉದ್ದ, ಎರಡನೆಯದು ದೋಣಿಯ ವೇಗ.

ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್ಡಿನ ಆಕಾರದಲ್ಲಿ ಮೆದು ಪ್ಲಾಸ್ಟಿಕ್ಕಿನಿಂದ ಮಾಡಿದ ಈ ಗೊಂಬೆಗೆ ಅಲ್ಲಿನ ಗಾಳಗಾರರು ಹೂಚಿ ಎನ್ನುತ್ತಾರೆ. ಒಳಗೆ ಟೊಳ್ಳಾದ ತಲೆ, ಕೆಳಗೆ ಜೋತುಬಿದ್ದ ಎಳೆಗಳು, ಸುಮಾರು ನಾಲ್ಕು ಇಂಚು ಉದ್ದ. ಇಷ್ಟೇ ಅದರ ರಚನೆ. ನಮ್ಮಲ್ಲಿ ಕೊರವ ಮೀನಿಗೆ ಬಳಸುವ ಪ್ಲಾಸ್ಟಿಕ್ ಕಪ್ಪೆಯನ್ನು ಕೋಲಿನ ತುದಿಯಿಂದ ಎಳೆದು, ನಿಲ್ಲಿಸಿ, ಮತ್ತೆ ಎಳೆದು ನಾವೇ ಜೀವ ತುಂಬುತ್ತೇವೆ. ಹೂಚಿಗೆ ಆ ಭಾಗ್ಯವಿಲ್ಲ. ಚಲಿಸುವ ದೋಣಿಯ ಹಿಂದೆ, ಹಲವು ಆಳುದ್ದ ನೀರಿನ ಕೆಳಗೆ ಅದು ಎಳೆಯಲ್ಪಡುತ್ತದೆ, ಮತ್ತು ಒಂಟಿಯಾಗಿ ಎಳೆದರೆ ಹರಿದ ಬಟ್ಟೆಯ ಚೂರಿನಂತೆ ನೆಟ್ಟಗೆ ಹಿಂಬಾಲಿಸುತ್ತದೆಯೇ ಹೊರತು ಬೇರೇನನ್ನೂ ಮಾಡುವುದಿಲ್ಲ. ತಮ್ಮ ಹೇಳಿದ ಮಾತು ಹೀಗಿತ್ತು: "ಅಣ್ಣಾ, ಗೊಂಬಿ ತಾನಾಗಿ ಕುಣಿಯೂದಿಲ್ಲ, ಕುಣಿಸಾಂವ ಮುಂದ ಇರ್ತಾನ."

ಮುಂದೆ ಇರುವುದು ಫ್ಲ್ಯಾಶರ್. ಹನ್ನೊಂದು ಇಂಚು ಉದ್ದದ, ಎರಡೂ ತುದಿಗಳಲ್ಲಿ ತುಸು ಬಾಗಿದ, ಹೊಳೆಯುವ ಪಟ್ಟಿ ಅಂಟಿಸಿದ ಪ್ಲಾಸ್ಟಿಕ್ ಹಲಗೆ ಅದು. ಸರಿಯಾದ ವೇಗದಲ್ಲಿ ಎಳೆದಾಗ ಅದು ಪೂರ್ಣ ಸುತ್ತು ತಿರುಗುತ್ತದೆ, ತಿರುಗುವಾಗ ದೂರದವರೆಗೆ ಮಿಂಚುತ್ತದೆ. ಸಣ್ಣ ಮೀನುಗಳ ಗುಂಪಿನ ಮೇಲೆ ಬೇರೊಂದು ಸಾಲ್ಮನ್ ಎರಗಿದಾಗ ಕಾಣುವ ಹೊಳಪನ್ನು ಅದು ಹೋಲುತ್ತದೆ ಎಂಬುದು ಗಾಳಗಾರರ ವಿವರಣೆ. ಮಿಂಚನ್ನು ಕಂಡು ಹತ್ತಿರ ಬಂದ ಮೀನಿಗೆ ಕಾಣಬೇಕಾದದ್ದು ಅದರ ಹಿಂದೆ ತಪ್ಪಿಸಿಕೊಳ್ಳಲು ಒದ್ದಾಡುತ್ತಿರುವ ಸ್ಕ್ವಿಡ್. ಆ ಒದ್ದಾಟ ಹುಟ್ಟುವುದು ಫ್ಲ್ಯಾಶರಿಗೂ ಹೂಚಿಗೂ ನಡುವೆ ಇರುವ ದಾರದಿಂದ. ಎತ್ತು ಹೊಡೆಯುವ ಬಾರಕೋಲನ್ನು ಕೈಯಲ್ಲಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೋಲನ್ನು ಬೀಸಿದ ವೇಗ ಬಾರಿನ ತುದಿಗೆ ಮುಟ್ಟಬೇಕಾದರೆ ಬಾರು ಅಳತೆಯಲ್ಲಿರಬೇಕು, ಅತಿ ಉದ್ದವಾದರೆ ನಡುವೆಯೇ ಸೋತು ನೆಲಕ್ಕೆ ಬೀಳುತ್ತದೆ.

ಇದನ್ನು ಕಣ್ಣಾರೆ ನೋಡಲೆಂದು ನಾವು ಹೆರಕಲ್ ಕಡೆಯ ಘಟಪ್ರಭೆಯ ಹಿನ್ನೀರಿಗೆ, ಪರಿಚಯದ ಅಂಬಿಗರೊಬ್ಬರ ಎಂಜಿನ್ ದೋಣಿಯಲ್ಲಿ ಹೋದೆವು. ಮಳೆಗಾಲದ ಕೆಂಪು ನೀರು ತಿಳಿಯಾಗಿದ್ದರಿಂದ ದೋಣಿಯ ಪಕ್ಕದಲ್ಲೇ, ಮೇಲುನೀರಿನಲ್ಲಿ ಎಳೆದ ಫ್ಲ್ಯಾಶರ್ ಸ್ಪಷ್ಟವಾಗಿ ಕಾಣುತ್ತಿತ್ತು. ಆರಾಮವಾಗಿ ನಡೆಯುವ ವೇಗಕ್ಕಿಂತ ಕಡಿಮೆ ಇದ್ದಾಗ ಅದು ಬರೀ ಅತ್ತಿತ್ತ ತೂಗಾಡಿತು. ಎಂಜಿನ್ನನ್ನು ಸ್ವಲ್ಪ ಏರಿಸಿದೊಡನೆ ಅಗಲವಾದ, ನಿಧಾನವಾದ ಸುತ್ತಿಗೆ ಬಿದ್ದಿತು. ಇನ್ನೂ ಏರಿಸಿದಾಗ ಸುತ್ತು ಬಿಗಿಯಾಗಿ, ಗರಗರನೆ ತಿರುಗಿ ಮೇಲಕ್ಕೆ ಎದ್ದುಬಂತು. ಎರಡು ಮೊಳ ದಾರ ಕಟ್ಟಿದಾಗ ಹೂಚಿ ಪ್ರತಿ ಸುತ್ತಿಗೂ ಒಮ್ಮೆ ಜಿಗಿದು, ಅರೆಕ್ಷಣ ತಡೆದು, ಎಳೆಗಳನ್ನು ಬಿಚ್ಚಿ ಮತ್ತೆ ಮುದುಡಿಕೊಳ್ಳುತ್ತಿತ್ತು. ಅದೇ ದಾರವನ್ನು ನಾಲ್ಕು ಮೊಳ ಮಾಡಿದಾಗ ಮುಂದೆ ಫ್ಲ್ಯಾಶರ್ ಎಷ್ಟೇ ತಿರುಗಿದರೂ ಹಿಂದೆ ಗೊಂಬೆ ನಿದ್ದೆಗಣ್ಣಿನಲ್ಲಿ ಬರುತ್ತಿತ್ತು. ದೋಣಿ ನಡೆಸುತ್ತಿದ್ದ ಹಿರಿಯರು ಇದನ್ನೆಲ್ಲ ನೋಡಿ, "ಇದಕ್ಕ ನಮ್ಮ ಮೀನಾ ಹೆದರಿ ಓಡತಾವ್ರೀ" ಎಂದರು. ಇಲ್ಲಿ ಆಳಕ್ಕೆ ಇಳಿಸಿ ನೋಡುವ ಧೈರ್ಯವನ್ನು ನಾವು ಮಾಡಲಿಲ್ಲ, ಏಕೆಂದರೆ ಮುಳುಗಡೆಯಾದ ಜಾಲಿಗಿಡಗಳೂ ಹಳೆಯ ಗೋಡೆಗಳೂ ನೀರಿನ ಕೆಳಗೆ ಎಲ್ಲಿವೆ ಎಂಬುದು ಅಂಬಿಗರಿಗಷ್ಟೇ ಗೊತ್ತು.

ಅಲ್ಲಿನ ರೂಢಿಯ ಅಳತೆಗಳು ಹೀಗಿವೆ. ಕೋಹೋ ಜಾತಿಯ ಸಾಲ್ಮನ್ ಚುರುಕು, ಬೆನ್ನಟ್ಟುವ ಸ್ವಭಾವದ್ದು. ಅದಕ್ಕೆ 28ರಿಂದ 36 ಇಂಚಿನ ದಾರ ಸಾಕು, ಗೊಂಬೆ ರಭಸವಾಗಿ ಒದ್ದಾಡಬೇಕು. ಎಲ್ಲಕ್ಕಿಂತ ದೊಡ್ಡದಾದ ಚಿನೂಕ್ ಸ್ವಲ್ಪ ಸಾವಧಾನಿ, ಆದ್ದರಿಂದ 36ರಿಂದ 45 ಇಂಚಿನವರೆಗೆ ಬಿಟ್ಟು ಕುಣಿತವನ್ನು ತಗ್ಗಿಸುತ್ತಾರೆ. ಹೆಚ್ಚಾಗಿ ಸೀಗಡಿಯಂಥ ಸಣ್ಣ ಜೀವಿಗಳನ್ನು ತಿಂದು ಬೆಳೆಯುವ ಸಾಕೈ ಎಂಬ ಸಾಲ್ಮನ್ನಿಗೆ ಹೂಚಿಯೂ ಚಿಕ್ಕದು, ದಾರವೂ 20ರಿಂದ 26 ಇಂಚಿನಷ್ಟು ಗಿಡ್ಡ, ವೇಗವೂ ಕಡಿಮೆ. ದಾರದ ದಪ್ಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೂವತ್ತರಿಂದ ನಲವತ್ತು ಪೌಂಡ್ ತಾಳಿಕೆಯ ಒರಟು ನೈಲಾನ್ ದಾರವನ್ನು ಬಳಸುವುದು ಮೀನಿನ ತೂಕಕ್ಕಾಗಿ ಮಾತ್ರವಲ್ಲ. ತೆಳುವಾದ ಮೆದು ದಾರ ಫ್ಲ್ಯಾಶರಿನ ಒದೆತವನ್ನು ತಾನೇ ನುಂಗಿಬಿಡುತ್ತದೆ. ಮೀನು ಹತ್ತಿರ ಬಂದು ಮೂಸಿ ಹೋಗುತ್ತಿದೆ ಎಂದು ಅನಿಸಿದಾಗ ಗೊಂಬೆ ಬದಲಿಸುವ ಮೊದಲು ನಾನು ನಾಲ್ಕು ಬೆರಳಷ್ಟು ದಾರವನ್ನು ಕಡಿಮೆ ಮಾಡಿ ನೋಡಬೇಕೆನ್ನುವವನು.

ವೇಗ ಸಾಮಾನ್ಯವಾಗಿ 2ರಿಂದ 3 ನಾಟ್, ಅಂದರೆ ಗಂಟೆಗೆ ಸುಮಾರು 4ರಿಂದ 5.5 ಕಿಲೋಮೀಟರ್, ಚಿನೂಕಿಗೆ ಕೆಳಗಿನ ಅಂಚು, ಕೋಹೋಗೆ ಮೇಲಿನ ಅಂಚು. ಆದರೆ ಜಿಪಿಎಸ್ ಪರದೆ ತೋರಿಸುವುದು ನೆಲದ ಮೇಲಿನ ವೇಗವನ್ನು, ಗೊಂಬೆಗೆ ತಟ್ಟುವುದು ನೀರಿನೊಳಗಿನ ವೇಗ. ಭರತ ಇಳಿತಗಳ ಸೆಳೆತ ಜೋರಾಗಿರುವ ಆ ಜಲಸಂಧಿಗಳಲ್ಲಿ ಇವೆರಡಕ್ಕೂ ಅಜಗಜಾಂತರ ಇರಬಹುದು. ಹಾಗಾಗಿ ಅನುಭವಿಗಳು ಪರದೆಗಿಂತ ಹೆಚ್ಚಾಗಿ, ಗಾಳವನ್ನು ಆಳಕ್ಕೆ ಒಯ್ಯುವ ಗುಂಡಿನ ತಂತಿಯ ಓರೆಯನ್ನೂ ಗಾಳದ ಕೋಲಿನ ತುದಿಯ ಮಿಡಿತವನ್ನೂ ನೋಡುತ್ತಾರೆ. ಫ್ಲ್ಯಾಶರ್ ಸರಿಯಾಗಿ ತಿರುಗುತ್ತಿದ್ದರೆ ಕೋಲಿನ ತುದಿ ಒಂದೇ ಲಯದಲ್ಲಿ ತಲೆದೂಗುತ್ತಿರುತ್ತದೆ. ಇದಕ್ಕೊಂದು ಒಳ್ಳೆಯ ಉಪಾಯವೂ ಇದೆ. ನೆಟ್ಟಗೆ ಹೋಗದೆ ಹಾವಿನ ಹರಿದಾಟದಲ್ಲಿ ದೋಣಿ ನಡೆಸಿದರೆ ಪ್ರತಿ ತಿರುವಿನಲ್ಲೂ ಹೊರಬದಿಯ ಗಾಳ ವೇಗ ಪಡೆದು ಮೇಲೇರುತ್ತದೆ, ಒಳಬದಿಯದು ನಿಧಾನಗೊಂಡು ಕೆಳಗಿಳಿಯುತ್ತದೆ. ಹೊರಬದಿಯ ಗಾಳಕ್ಕೇ ಮೀನು ಬೀಳುತ್ತಿದ್ದರೆ ವೇಗ ಹೆಚ್ಚಿಸಬೇಕೆಂದೂ, ಒಳಬದಿಗೆ ಬಿದ್ದರೆ ಕಡಿಮೆ ಮಾಡಬೇಕೆಂದೂ ಮೀನೇ ಹೇಳಿಕೊಟ್ಟಂತೆ.

ಗಾಳವನ್ನು ಆಳಕ್ಕೆ ಇಳಿಸುವ ಯಂತ್ರ ಡೌನ್‌ರಿಗ್ಗರ್. ಹತ್ತರಿಂದ ಹದಿನೈದು ಪೌಂಡ್ ತೂಕದ ಸೀಸದ ಗುಂಡನ್ನು ತಂತಿಯಲ್ಲಿ ಇಳಿಬಿಟ್ಟು, ಗಾಳದ ದಾರವನ್ನು ಅದಕ್ಕೆ ಒಂದು ಚಿಮಟದಂಥ ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಬೆಳಗಿನ ಮಬ್ಬಿನಲ್ಲಿ ಮೇಲೆ, ಬಿಸಿಲೇರಿದಂತೆ ಕೆಳಗೆ. ಕೋಹೋ ಮೇಲುನೀರಿನದು, ಚಿನೂಕ್ ಅನೇಕ ವೇಳೆ ತಳಕ್ಕೆ ಅಂಟಿಕೊಂಡಂತೆ ಇರುವುದು.

ಬಣ್ಣದ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುವುದರಿಂದ ಆಳದಲ್ಲಿ ಕೆಂಪು ಗೊಂಬೆ ಕಪ್ಪಾಗಿ ಕಾಣುತ್ತದೆ, ಹಸಿರು ಮತ್ತು ನೀಲಿ ಇನ್ನೂ ಕೆಳಕ್ಕೆ ತಲುಪುತ್ತವೆ. ಚಿನೂಕಿಗೆ ಹಸಿರು-ಬಿಳಿ ಮಿಶ್ರಣ, ಅದರಲ್ಲೂ ಟಾರ್ಚಿನ ಬೆಳಕು ಹಿಡಿದು ಇಳಿಸಿದರೆ ಕತ್ತಲಲ್ಲಿ ಹೊಳೆಯುವ ಬಗೆ, ಮೆಚ್ಚಿನದಾಗಿರುವುದಕ್ಕೆ ಇದೇ ಕಾರಣ. ಹಾಗಿದ್ದರೂ ಸಾಕೈಗೆ ಗುಲಾಬಿಯೇ ಬೇಕೆನ್ನುತ್ತಾರೆ. ಫ್ಲೋರೊಸೆಂಟ್ ಗುಲಾಬಿ ನೀಲಿ-ಹಸಿರು ಬೆಳಕನ್ನು ಹೀರಿ ತನ್ನ ಬಣ್ಣದಲ್ಲೇ ಮರಳಿಸಬಲ್ಲದು ಎಂಬುದು ಈ ರೂಢಿಗೆ ಸಿಗುವ ಸಮಾಧಾನ.

ಹೆಚ್ಚಿನವರು ಗಮನಿಸದೆ ಬಿಡುವ ಭಾಗ ಹೂಚಿಯ ಒಳಗಡೆ ಇದೆ. ದಾರವನ್ನು ತಲೆಯ ತೂತಿನಿಂದ ತೂರಿಸಿ ಗಾಳವನ್ನು ಕಟ್ಟುವಾಗ, ಗಾಳದ ಮೇಲ್ತುದಿಗೂ ಹೂಚಿಯ ತಲೆಗೂ ನಡುವೆ ಮೂರು ನಾಲ್ಕು ಪ್ಲಾಸ್ಟಿಕ್ ಮಣಿಗಳನ್ನು ಪೋಣಿಸುತ್ತಾರೆ. ತಮ್ಮ ಪಡಸಾಲೆಯಲ್ಲಿ ಕುಳಿತು, ಒಂದೊಂದೇ ಮಣಿ ಸೇರಿಸುತ್ತ, ದಾರವನ್ನು ಹಲ್ಲಿನಿಂದ ಬಿಗಿದು, ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಗಾಳದ ಕೊಂಕಿ ಎಳೆಗಳ ತುದಿಯ ಮಟ್ಟಕ್ಕೆ ಬಂದು ನಿಂತಾಗ ಮಾತ್ರ ಕೈಯಿಂದ ಕೆಳಗಿಟ್ಟ. ಕೊಂಕಿ ಎಳೆಗಳ ಒಳಗೇ ಉಳಿದರೆ ಬಾಲಕ್ಕೆ ಬಾಯಿ ಹಾಕಿದ ಮೀನು ತಪ್ಪಿಸಿಕೊಳ್ಳುತ್ತದೆ, ತೀರಾ ಹೊರಗೆ ಜೋತುಬಿದ್ದರೆ ಕುಣಿತ ಕೆಡುತ್ತದೆ. ಕಟ್ಟಿದ ಮೇಲೆ ದಾರವನ್ನು ಉಗುರುಗಳ ನಡುವೆ ಉದ್ದಕ್ಕೂ ಎಳೆದು ಗೀರಿದೆಯೇ ಎಂದು ನೋಡಬೇಕು. ಮೀನೊಂದು ಬಿದ್ದ ದಾರವನ್ನು ಪರೀಕ್ಷಿಸದೆ ಮತ್ತೆ ನೀರಿಗೆ ಬಿಡಬಾರದು. ಕೈ ತೊಳೆಯುವುದೂ ಇದೇ ಕೆಲಸದ ಭಾಗ. ಮನುಷ್ಯರ ಚರ್ಮದಲ್ಲಿರುವ ಸೆರಿನ್ ಎಂಬ ಅಮೈನೊ ಆಮ್ಲದ ವಾಸನೆಗೆ ಸಾಲ್ಮನ್ ಬೆದರುತ್ತದೆ, ಪ್ಲಾಸ್ಟಿಕ್ಕಿಗಂತೂ ಆಹಾರದ ವಾಸನೆಯೇ ಇಲ್ಲ. ಅದಕ್ಕಾಗಿ ಕೆಲವರು ಹೆರಿಂಗ್ ಮೀನಿನ ತೆಳ್ಳನೆಯ ಸೀಳನ್ನು ಗಾಳಕ್ಕೆ ಚುಚ್ಚುತ್ತಾರೆ.

ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್ ಹಿಡಿಯುವ ಗಾಳದ ಕೊಂಕಿಗೆ, ಮೀನು ಕಳಚಿಕೊಳ್ಳದಂತೆ ತಡೆಯುವ ಹಿಮ್ಮುಖ ಮುಳ್ಳು ಇರಕೂಡದು ಎಂಬುದು ಕಾನೂನು. ಆದ್ದರಿಂದ ಕೋಲಿನ ತುದಿ ಚಿಮ್ಮಿ ನೆಟ್ಟಗಾದಾಗ, ಅಂದರೆ ದಾರ ಕ್ಲಿಪ್ಪಿನಿಂದ ಕಳಚಿದಾಗ, ಮೊದಲ ಕೆಲಸ ಜೋರಾಗಿ ಜಗ್ಗುವುದಲ್ಲ. ಮೀನಿನ ಭಾರ ಕೈಗೆ ಸಿಗುವವರೆಗೆ ಸಡಿಲ ದಾರವನ್ನು ಬೇಗಬೇಗ ಸುತ್ತಿಕೊಳ್ಳುವುದು. ಅನಂತರ ಒಂದು ಗಳಿಗೆಯೂ ದಾರ ಸಡಿಲಾಗಬಾರದು. ಅಲ್ಲಿ ಬಳಕೆಯಲ್ಲಿರುವ ರೀಲಿನ ಹಿಡಿಕೆ ಮೀನು ಓಡಿದಂತೆ ಹಿಮ್ಮುಖವಾಗಿ ತಿರುಗುತ್ತದೆ, ಬೆರಳು ಅಡ್ಡ ಬಂದರೆ ಗೆಣ್ಣು ಜಜ್ಜಿಹೋಗುತ್ತದೆ. ಓಡುವ ಮೀನನ್ನು ಅಂಗೈಯನ್ನು ರೀಲಿನ ಅಂಚಿಗೆ ಒತ್ತಿಯೇ ತಡೆಯಬೇಕು.

ದಾರದ ಉದ್ದ ಕೊನೆಗೆ ಮತ್ತೊಮ್ಮೆ ಲೆಕ್ಕಕ್ಕೆ ಬರುವುದು ಬಲೆ ಹಾಕುವಾಗ. ಫ್ಲ್ಯಾಶರ್ ಕೋಲಿನ ತುದಿಗೆ ಬಂದು ತಾಗಿದ ಮೇಲೆ ಇನ್ನು ಸುತ್ತಲು ಬರುವುದಿಲ್ಲ, ಮೀನು ಮಾತ್ರ ಅದರಿಂದ ಎರಡು ಎರಡೂವರೆ ಮೊಳ ಆಚೆಗೇ ಇರುತ್ತದೆ. ಕೋಲು ಹಿಡಿದವನು ಅದನ್ನು ಎತ್ತರಕ್ಕೆ ಎತ್ತಿ ಹಿಂದೆ ಹಿಂದೆ ಸರಿಯಬೇಕು, ಬಲೆ ಹಿಡಿದವನು ನೀರಿನಲ್ಲಿ ಬಲೆಯನ್ನು ಮೊದಲೇ ಮುಳುಗಿಸಿಟ್ಟು, ಬಾಲದ ಕಡೆಯಿಂದಲ್ಲ, ತಲೆಯ ಕಡೆಯಿಂದ ಒಂದೇ ಸಲಕ್ಕೆ ಎತ್ತಿಕೊಳ್ಳಬೇಕು. ಇಟ್ಟುಕೊಳ್ಳುವ ಮೀನು ಚಿನೂಕ್ ಆಗಿದ್ದರೆ ಅದನ್ನು ಪರವಾನಗಿಯಲ್ಲಿ ದಾಖಲಿಸಬೇಕು, ಮತ್ತು ಯಾವ ಪ್ರದೇಶದಲ್ಲಿ ಯಾವ ತಿಂಗಳು ಎಷ್ಟು ಮೀನು ಎಂಬ ನಿಯಮವನ್ನು ದೋಣಿ ಇಳಿಸುವ ದಿನವೇ ಕೆನಡಾದ ಮೀನುಗಾರಿಕೆ ಇಲಾಖೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಅದು ಹಂಗಾಮಿನ ನಡುವೆಯೂ ಬದಲಾಗುತ್ತದೆ.