‘ಸಾಕು’ ಅಂದದ್ದು ನನಗೆ ‘ಹಾಕು’ ಅಂತ ಕೇಳಿಸಿತು

ನಾನು ಗೋವಾದ ವಾಸ್ಕೊ ಹತ್ತಿರ, ಜುವಾರಿ ನದಿ ದಂಡೆಯ ಒಂದು ಬಾರ್ಜ್ ರಿಪೇರಿ ಯಾರ್ಡಿನಲ್ಲಿ ಫಿಟ್ಟರ್. ಊರು ಬಾದಾಮಿ ಕಡೆ. ನಮ್ಮ ಗ್ಯಾಂಗಿನವರೆಲ್ಲ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ಕೆಲಸದ ಮಾತೆಲ್ಲ ಕನ್ನಡದಲ್ಲೇ.

ಬಾರ್ಜ್ ಅಂದರೆ ಚಪ್ಪಟೆ ತಳದ ಸರಕು ಹಡಗು. ಅದಿರು ಸಾಗಿಸುವ ಬಾರ್ಜುಗಳಿಗೆ ಮಳೆಗಾಲದಲ್ಲಿ ಕೆಲಸ ಇರುವುದಿಲ್ಲ. ಆಗ ಅವನ್ನು ಸ್ಲಿಪ್‌ವೇ, ಅಂದರೆ ದಂಡೆಯ ಇಳಿಜಾರಿನ ಮೇಲೆ ಎಳೆದು ರಿಪೇರಿ ಮಾಡುತ್ತೇವೆ. ಮ್ಯಾನ್‌ಹೋಲಿನಿಂದ ಬಾರ್ಜಿನ ಒಳಗಿನ ಟ್ಯಾಂಕಿಗೆ ಇಳಿದು ನೀಡಲ್ ಗನ್ ಹಿಡಿದು ತುಕ್ಕು ತೆಗೆಯಬೇಕು. ಗಾಳಿಯ ಒತ್ತಡಕ್ಕೆ ಉಕ್ಕಿನ ಸೂಜಿಗಳು ಪ್ಲೇಟನ್ನು ಒಂದೇ ಸಮನೆ ಬಡಿಯುತ್ತವೆ. ಬಯಲಲ್ಲಾದರೆ ಆ ಸದ್ದು ಹರಡಿ ಹೋಗುತ್ತದೆ. ಟ್ಯಾಂಕಿನಲ್ಲಿ ಸುತ್ತಲೂ, ಮೇಲೂ ಕೆಳಗೂ ಕಬ್ಬಿಣ. ಹೋಗೋಕೆ ಜಾಗ ಇಲ್ಲದೆ ಸದ್ದು ತಿರುಗಿ ಕಿವಿಗೇ ಬರುತ್ತದೆ.

ವರ್ಷಗಟ್ಟಲೆ ಹೀಗೆ ದುಡಿದೆ. ಸಂಜೆ ಕಿವಿಗೆ ಹತ್ತಿ ತುರುಕಿದ ಹಾಗೆ ಆಗುತ್ತಿತ್ತು, ಗುಂಯ್ ಅನ್ನುತ್ತಿತ್ತು. ಬೆಳಿಗ್ಗೆ ಎದ್ದರೆ ಸರಿ. ಬೆಳಿಗ್ಗೆ ಸರಿ ಹೋಗುತ್ತದಲ್ಲ, ಮತ್ತೇನು ಅಂತ ನಾವೆಲ್ಲ ಸುಮ್ಮನಿದ್ದೆವು.

ಎರಡು ವರ್ಷದ ಹಿಂದೆ ಒಂದು ಸಂಜೆ. ಗನ್ನುಗಳೆಲ್ಲ ನಿಂತಿದ್ದವು. ಚೈನ್ ಬ್ಲಾಕಿನಲ್ಲಿ, ಅಂದರೆ ಭಾರ ಎತ್ತಿ ಇಳಿಸುವ ಸರಪಳಿ ರಾಟೆಯಲ್ಲಿ, ಒಂದು ಪ್ಲೇಟ್ ಇಳಿಸುತ್ತಿದ್ದೆ. ಕೆಳಗಿದ್ದ ಹುಡುಗ ‘ಸಾಕು, ಸಾಕು’ ಅಂದ. ನನಗೆ ‘ಹಾಕು, ಹಾಕು’ ಅಂತ ಕೇಳಿಸಿತು. ಇನ್ನೂ ಎರಡು ಎಳೆ ಬಿಟ್ಟೆ. ಅವನ ಗ್ಲೌಸಿನ ತುದಿ ಪ್ಲೇಟಿನ ಅಡಿ ಸಿಕ್ಕಿತು. ಬೆರಳು ಉಳಿಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಿವಿ ಪರೀಕ್ಷೆಗೆ ಹೋದೆ. ಹಿಂದಿನ ದಿನ ಸದ್ದಿನ ಕೆಲಸ ಮಾಡದೆ ಬರಬೇಕು ಅಂದರು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದಂತೆ. ಗ್ರಾಫಿನಲ್ಲಿ ಗೆರೆ ನೆಟ್ಟಗೆ ಬಂದು, ಕೀರಲು ಸದ್ದಿನ ಕಡೆ, 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಸದ್ದಿನಿಂದ ಕೆಟ್ಟ ಕಿವಿಯ ಗುರುತು ಅದು. ಡಾಕ್ಟರ್ ಬಿಡಿಸಿ ಹೇಳಿದರು. ಒಳಗಿವಿಯಲ್ಲಿ ಸಣ್ಣ ಕೂದಲಿನಂಥ ಜೀವಕೋಶಗಳಿವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೀರಲು ಸದ್ದು ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ‘ಆ’, ‘ಉ’ ದಪ್ಪ ಸ್ವರಗಳು, ಕೇಳಿಸುತ್ತಲೇ ಇರುತ್ತವೆ. ‘ಸ’, ‘ಶ’ ತೆಳು ಸದ್ದುಗಳು, ಅವೇ ಮೊದಲು ಜಾರುವುದು. ಅದಕ್ಕೇ ನಮಗೆ ಕಿವಿ ಮಂದವಾಗಿದೆ ಅಂತ ಅನ್ನಿಸುವುದಿಲ್ಲ. ಜನ ಸರಿಯಾಗಿ ಮಾತಾಡುತ್ತಿಲ್ಲ ಅಂತ ಅನ್ನಿಸುತ್ತದೆ.

ಆಮೇಲೆ ಯಾರ್ಡಿನಲ್ಲಿ ಸದ್ದು ಅಳೆಯುವ ಮೀಟರ್ ಹಿಡಿದು ನೋಡಿದೆವು. ಟ್ಯಾಂಕಿನೊಳಗೆ 100 ಡೆಸಿಬೆಲ್ ದಾಟಿತ್ತು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆಯ ಲೆಕ್ಕದಲ್ಲಿ ಬರಿಗಿವಿಗೆ 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧ ಆಗುತ್ತದೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ನಾವು ಇಡೀ ಪಾಳಿ ಇರುತ್ತಿದ್ದೆವು. ಮೀಟರ್ ಇಲ್ಲದವರಿಗೆ ಒಂದು ಅಂದಾಜು: ಒಂದು ತೋಳಿನ ದೂರದಲ್ಲಿ ನಿಂತವನಿಗೆ ಕೂಗಿ ಹೇಳಬೇಕು ಅಂದರೆ ಆ ಜಾಗದ ಸದ್ದು ಜಾಸ್ತಿ ಇದೆ.

ಸದ್ದು ತಡೆಯಲು ಕಿವಿಯೊಳಗೆ ಇಡುವ ಪ್ಲಗ್ ನಮ್ಮಲ್ಲಿ ಮೊದಲೂ ಇತ್ತು. ಹುಡುಗರು ಕಿವಿಯ ಬಾಯಿಗೆ ಒತ್ತಿಕೊಂಡು ಬಿಡುತ್ತಿದ್ದರು, ಅರ್ಧ ಹೊರಗೇ ಇರುತ್ತಿತ್ತು. ಫೋಮ್ ಪ್ಲಗ್ಗನ್ನು ಒಣಗಿದ ಶುದ್ಧ ಬೆರಳಲ್ಲಿ ಬತ್ತಿಯ ಹಾಗೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದರೆ ದಾರಿ ನೇರ ಆಗುತ್ತದೆ. ಆಗ ಒಳಗಿಟ್ಟು, ಅರಳುವ ತನಕ 20-30 ಸೆಕೆಂಡ್ ಒತ್ತಿ ಹಿಡಿಯಬೇಕು. ಟ್ಯಾಂಕಿನ ಕೆಲಸಕ್ಕೆ ಅದರ ಮೇಲೆ ಇಡೀ ಕಿವಿ ಮುಚ್ಚುವ ಮಫ್ ಕೂಡ ಹಾಕುತ್ತೇವೆ. ಎಷ್ಟು ಡೆಸಿಬೆಲ್ ತಡೆಯುತ್ತದೆ ಅನ್ನುವ ಎರಡರ ಅಂಕಿ ಕೂಡಿಸಬೇಡಿ, ಎರಡನೆಯದರಿಂದ ಸಿಗುವುದು ಸುಮಾರು 5 ಡೆಸಿಬೆಲ್ ಮಾತ್ರ.

ನನ್ನ ಕಿವಿ ಕೆಟ್ಟದ್ದು ಪ್ಲಗ್ ತೆಗೆದು ತೆಗೆದು. ಫೋನ್ ಬಂತು, ತೆಗೆದೆ. ಯಾರೋ ಏನೋ ಕೇಳಿದರು, ತೆಗೆದೆ. ಪಕ್ಕದಲ್ಲಿ ಗನ್ ಓಡುತ್ತಲೇ ಇರುತ್ತಿತ್ತು. 30 ಡೆಸಿಬೆಲ್ ತಡೆಯುವ ಪ್ಲಗ್ಗನ್ನು 8 ಗಂಟೆಯಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ಟರೂ, ದಿನದ ಲೆಕ್ಕದಲ್ಲಿ ಉಳಿಯುವ ರಕ್ಷಣೆ ಸುಮಾರು 12 ಡೆಸಿಬೆಲ್. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ನನಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಹಾಕಿಕೊಂಡೂ ಕಳೆದುಕೊಂಡೆನಲ್ಲ ಅಂತ. ಈಗ ಮಾತಾಡಬೇಕಾದರೆ ಟ್ಯಾಂಕಿನಿಂದ ಮೇಲೆ ಹತ್ತಿ, ಡೆಕ್ಕಿನ ಆಚೆ ತುದಿಗೆ ಹೋಗಿ ತೆಗೆಯುತ್ತೇವೆ. ಫೋನು ಶೆಡ್ಡಿನಲ್ಲಿ.

ಸದ್ದಿನಿಂದ ಕಿವಿ ಕೆಡುವುದು ಕೆಲಸದಿಂದ ಬರುವ ಕಾಯಿಲೆ ಅಂತ ಕಾನೂನಿನಲ್ಲೇ ಇದೆ. ತೋರಿಸಿಕೊಂಡರೆ ಕೆಲಸ ಹೋಗುತ್ತದೆ ಅಂತ ಮುಚ್ಚಿಡುವವರನ್ನು ಕಂಡಾಗ ಸಂಕಟ ಆಗುತ್ತದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹಳೆಯ ಗ್ರಾಫ್ ಜೋಪಾನವಾಗಿ ಇಡಿ.

ನಮ್ಮ ಗ್ಯಾಂಗಿನಲ್ಲಿ ಭಾರ ಇಳಿಸುವಾಗ ‘ಸಾಕು’ ಅನ್ನುವ ಮಾತನ್ನೇ ಬಿಟ್ಟಿದ್ದೇವೆ. ‘ನಿಲ್ಲು’ ಅನ್ನುತ್ತೇವೆ, ಜೊತೆಗೆ ಮುಷ್ಟಿ ಎತ್ತುತ್ತೇವೆ. ಮುಷ್ಟಿ ಕಾಣುವ ತನಕ ನನ್ನ ಕಣ್ಣು ಕೆಳಗಿನವನ ಮೇಲೇ ಇರುತ್ತದೆ.