ಕಂಡದ್ದು, ಕೇಳಿದ್ದು, ಅಂದುಕೊಂಡದ್ದು

ನರ್ಸಿಂಗ್ ವಿದ್ಯಾರ್ಥಿಗಳಾಗಿದ್ದ ನಾವು ಮನೋರೋಗ ಆಸ್ಪತ್ರೆಯ ಪೋಸ್ಟಿಂಗ್‌ಗೆ ಹೊರಡುವ ಮುನ್ನಾದಿನ, ನಮಗೆ ಆ ವಿಷಯ ಕಲಿಸುತ್ತಿದ್ದ ಮೇಡಂ ಬೋರ್ಡಿನ ಮೇಲೆ ಎರಡು ವಾಕ್ಯ ಬರೆಯುತ್ತಿದ್ದರು. ಮೊದಲನೆಯದು, ‘ರೋಗಿ ರಾತ್ರಿ ಆಕ್ರಮಣಕಾರಿಯಾಗಿದ್ದರು.’ ಅದರ ಕೆಳಗೆ, ‘ರಾತ್ರಿ 2.10ಕ್ಕೆ ರೋಗಿ ಎದ್ದು ಬಾಗಿಲಿಗೆ ಮೂರು ಸಲ ಗುದ್ದಿದರು. “ನನ್ನನ್ನು ಮನೆಗೆ ಕಳಿಸಿ” ಎಂದು ಕೂಗಿದರು. ನೀರು ಕೊಟ್ಟಾಗ ಕುಡಿದು ಹಾಸಿಗೆಗೆ ಮರಳಿದರು.’ ಇವೆರಡರಲ್ಲಿ ಯಾವುದನ್ನು ಓದಿದರೆ ಬೆಳಗಿನ ಡ್ಯೂಟಿಯವರಿಗೆ ಕೆಲಸಕ್ಕೆ ಬರುತ್ತದೆ ಎಂದು ಕೇಳುತ್ತಿದ್ದರು. ಎರಡನೆಯದು ಎನ್ನಲು ಯಾರೂ ತಡಮಾಡುತ್ತಿರಲಿಲ್ಲ. ಆದರೆ ವಾರ್ಡಿಗೆ ಹೋದ ಮೇಲೆ ನಮ್ಮೆಲ್ಲರ ಪೆನ್ನಿನಿಂದ ಇಳಿಯುತ್ತಿದ್ದದ್ದು ಮೊದಲನೆಯ ವಾಕ್ಯವೇ. ಆ ಅಭ್ಯಾಸವನ್ನು ಬಿಡಿಸುವುದು ಎಷ್ಟು ದೊಡ್ಡ ಕೆಲಸ ಎಂಬುದು ಅದೇ ಕೆಲಸದಲ್ಲಿರುವ ನನಗೆ ಈಗ ತಿಳಿಯುತ್ತಿದೆ. ಮೇಡಂ ಬಗೆಗಿನ ಸಂಚಿಕೆಗೆ ನೆನಪು ಬರೆಯಿರಿ ಎಂದು ಕೇಳಿದಾಗ, ಮೇಡಂ ಕಲಿಸಿದ ಕ್ರಮವನ್ನೇ ಬರೆದಿಡುವುದು ಮೇಲೆನಿಸಿತು.

ಬೇರೆ ವಾರ್ಡುಗಳಲ್ಲಿ ನರ್ಸ್ ನೋಡಿದ್ದನ್ನು ಯಂತ್ರವೊಂದು ಒಪ್ಪುತ್ತದೆ ಅಥವಾ ತಿದ್ದುತ್ತದೆ. ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದ ಆಮ್ಲಜನಕಕ್ಕೆ ಪಲ್ಸ್ ಆಕ್ಸಿಮೀಟರ್ ಇದೆ. ಮನೋರೋಗ ವಾರ್ಡಿನಲ್ಲಿ ಮಾಪನದ ಹೆಚ್ಚಿನ ಪಾಲು ನರ್ಸಿನ ಕಣ್ಣು, ಕಿವಿ, ಕುಳಿತುಕೊಳ್ಳುವ ತಾಳ್ಮೆ. ಅಲ್ಲಿ ಶಿಕ್ಷಕಿಯಾದವಳು ಮೊದಲು ಆ ಮಾಪಕವನ್ನು ಸರಿಪಡಿಸಬೇಕು, ಆಮೇಲೆ ಪಾಠ.

ಮೊದಲ ದಿನದ ಸಿದ್ಧತೆ ಸರಳ. ಕತ್ತಿನ ಗುರುತಿನ ಚೀಟಿಯ ದಾರ ಎಳೆದರೆ ಬಿಚ್ಚಿಕೊಳ್ಳುವಂತಿರಬೇಕು. ಉದ್ದ ಕಿವಿಯೋಲೆ, ಜೇಬಿನಲ್ಲಿ ಕತ್ತರಿ, ಗಾಜಿನ ಬಾಟಲಿ ಬೇಡ. ರೋಗಿಯೊಡನೆ ಕೂರುವಾಗ ಇಬ್ಬರಿಗೂ ಬಾಗಿಲಿನ ದಾರಿ ತೆರೆದಿರಬೇಕು. ರೋಗಿಗೆ ಮೂಲೆಗೆ ಒತ್ತಿದಂತೆ ಅನಿಸಬಾರದು, ನಮ್ಮ ಬೆನ್ನಿಗೆ ಗೋಡೆ ಬಂದು ಹೊರದಾರಿ ಕಟ್ಟಬಾರದು. ಕುರ್ಚಿಗಳನ್ನು ಎದುರುಬದುರಾಗಿ ಇಡದೆ ಸ್ವಲ್ಪ ಓರೆಯಾಗಿಟ್ಟರೆ, ನೋಟ ತಪ್ಪಿಸಬೇಕೆನಿಸಿದವರಿಗೆ ತಪ್ಪಿಸಲು ಜಾಗವಿರುತ್ತದೆ. ವಿದ್ಯಾರ್ಥಿಗಳಲ್ಲಿ ಭಯ ಇದ್ದೇ ಇರುತ್ತದೆ. ಅದನ್ನು ಅಣಕಿಸುವ ಶಿಕ್ಷಕರ ಕೈಕೆಳಗೆ ಮಕ್ಕಳು ಭಯವನ್ನು ಮುಚ್ಚಿಟ್ಟು, ನರ್ಸಿಂಗ್ ಸ್ಟೇಷನ್ನಿನ ಗಾಜಿನ ಹಿಂದೆ ಕೇಸ್ ಶೀಟ್ ನಕಲು ಮಾಡುತ್ತ ಪೋಸ್ಟಿಂಗ್ ಮುಗಿಸುತ್ತಾರೆ. ಭಯವನ್ನು ಬೆಳಗಿನ ಹದಿನೈದು ನಿಮಿಷದ ಸಭೆಯಲ್ಲಿ ಬಾಯಿಬಿಟ್ಟು ಹೇಳಿಸಿದರೆ ಅರ್ಧ ಕಡಿಮೆಯಾಗುತ್ತದೆ.

ಇನ್ನು ಪ್ರೊಸೆಸ್ ರೆಕಾರ್ಡಿಂಗ್. ನಮ್ಮ ವಿಷಯದ ಜೀವ ಇರುವುದು ಇದರಲ್ಲಿ. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು 1952ರಲ್ಲಿ ಪುಸ್ತಕ ಮಾಡಿ ಹೇಳಿದ ಅಮೆರಿಕದ ನರ್ಸಿಂಗ್ ಶಿಕ್ಷಕಿ ಹಿಲ್ಡೆಗಾರ್ಡ್ ಪೆಪ್ಲಾವ್ ಅವರು, ವಿದ್ಯಾರ್ಥಿಗಳು ರೋಗಿಯೊಡನೆ ಆಡಿದ ಮಾತುಕತೆಯನ್ನು ಅವರಿಂದಲೇ ಮಾತುಮಾತಿಗೆ ಬರೆಸಿ ಪರೀಕ್ಷಿಸುತ್ತಿದ್ದರು. ವಿಧಾನ ಇಷ್ಟೆ. ರೋಗಿಯೊಡನೆ ಹದಿನೈದು ಇಪ್ಪತ್ತು ನಿಮಿಷ ಮಾತಾಡಿ. ಮಾತಾಡುವಾಗ ಬರೆಯಬೇಡಿ, ಫೋನಿನಲ್ಲಿ ಧ್ವನಿಮುದ್ರಣ ಮಾಡಬೇಡಿ. ಎದ್ದ ಮೇಲೆ ಅರ್ಧ ಗಂಟೆಯೊಳಗೆ, ಬೇರೆ ಯಾರೊಡನೆಯೂ ಹರಟುವ ಮುನ್ನ ಬರೆಯಿರಿ. ತಡವಾದಷ್ಟೂ ನೆನಪು ನಮ್ಮ ಮಾತನ್ನು ಚಂದ ಮಾಡುತ್ತದೆ. ಹಾಳೆಯಲ್ಲಿ ಐದು ಕಂಬ: ರೋಗಿ ಹೇಳಿದ್ದು ಮತ್ತು ಅವರ ಮುಖ, ಕೈ, ಕೂತ ಭಂಗಿ; ನಾನು ಹೇಳಿದ್ದು; ಆಗ ನನಗೆ ಅನಿಸಿದ್ದು; ನಾನು ಬಳಸಿದ ತಂತ್ರದ ಹೆಸರು; ಈಗ ಮತ್ತೆ ಸಿಕ್ಕರೆ ಏನು ಹೇಳುತ್ತಿದ್ದೆ. ರೋಗಿಯ ಹೆಸರು ಎಲ್ಲೂ ಬರಬಾರದು.

ಹೊಸಬರ ಹಾಳೆಯಲ್ಲಿ ಮೂರನೆಯ ಕಂಬ ಖಾಲಿ ಇರುತ್ತದೆ, ಇಲ್ಲವೇ ‘ಪಾಪ ಅನಿಸಿತು’ ಎಂದಿರುತ್ತದೆ. ಮೇಡಂ ಕೆಂಪು ಪೆನ್ನು ಹಿಡಿಯುತ್ತಿದ್ದದ್ದು ಅಲ್ಲಿಯೇ. ರೋಗಿ ಸಾವಿನ ಮಾತೆತ್ತಿದ ಮರುಕ್ಷಣ ವಿದ್ಯಾರ್ಥಿ ‘ಮಧ್ಯಾಹ್ನ ಊಟ ಆಯ್ತಾ?’ ಎಂದು ಕೇಳಿರುತ್ತಾಳೆ. ನಾಲ್ಕನೆಯ ಕಂಬದಲ್ಲಿ ಅದಕ್ಕೆ ಏನೋ ಒಂದು ತಂತ್ರದ ಹೆಸರೂ ಬಿದ್ದಿರುತ್ತದೆ. ಮೂರನೆಯ ಕಂಬದಲ್ಲಿ ‘ಹೆದರಿದೆ, ಮಾತು ಬದಲಿಸಿದೆ’ ಎಂದು ಬರೆಯುವವರೆಗೆ ಮೇಡಂ ಹಾಳೆಯನ್ನು ಹಿಂದಿರುಗಿಸುತ್ತಿದ್ದರು. ಕಾಣಿಸಿದ್ದನ್ನು ಬರೆಯಲು ಕಲಿಯಬೇಕಾದರೆ ನಮ್ಮೊಳಗೆ ಆಗಿದ್ದನ್ನು ಬೇರೆ ಕಂಬಕ್ಕೆ ಹಾಕಬೇಕು. ಇಲ್ಲದಿದ್ದರೆ ನಮ್ಮ ಹೆದರಿಕೆಯೇ ಕೇಸ್ ಶೀಟಿನಲ್ಲಿ ರೋಗಿಯ ‘ಆಕ್ರಮಣಶೀಲತೆ’ಯಾಗುತ್ತದೆ.

ಪದೇ ಪದೇ ಕಾಣುವ ತಪ್ಪುಗಳು ಬೆರಳೆಣಿಕೆಯಷ್ಟೆ. ‘ಏನೂ ಆಗಲ್ಲ, ಎಲ್ಲ ಸರಿಹೋಗುತ್ತೆ’ ಎಂಬ ಹುಸಿ ಭರವಸೆ: ಇದನ್ನು ಕೇಳಿದ ರೋಗಿ ಮಾತು ನಿಲ್ಲಿಸುತ್ತಾರೆ, ಏಕೆಂದರೆ ಮುಂದೆ ಹೇಳಲು ಏನೂ ಉಳಿಯಲಿಲ್ಲ. ‘ಯಾಕೆ ಹಾಗೆ ಮಾಡಿದ್ರಿ?’: ಇದು ವಿಚಾರಣೆಯ ದನಿ, ‘ಆಗ ಏನಾಯಿತು?’ ಎಂದರೆ ಉತ್ತರ ಬರುತ್ತದೆ. ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚು, ಮೌನವನ್ನು ತಡೆಯಲಾರದೆ ತುಂಬಿಬಿಡುವುದು. ಖಿನ್ನತೆ ತೀವ್ರವಾಗಿರುವವರಿಗೆ ಉತ್ತರ ಕಟ್ಟಲು ಹೊತ್ತು ಬೇಕು. ನಮಗೆ ಒಂದು ಯುಗದಂತೆ ಕಾಣುವ ಮೌನ ಗಡಿಯಾರದಲ್ಲಿ ನೋಡಿದರೆ ಕೆಲವೇ ಸೆಕೆಂಡು.

ಯಾರಿಗೂ ಕೇಳಿಸದ ಧ್ವನಿ ರೋಗಿಗೆ ಕೇಳಿಸುತ್ತಿರುವಾಗ ಏನು ಹೇಳಬೇಕು ಎಂಬುದನ್ನು ವಾಕ್ಯವಾಗಿಯೇ ಬಾಯಿಪಾಠ ಮಾಡಿಸಬೇಕು. ಆ ಹೊತ್ತಿನಲ್ಲಿ ತತ್ವ ನೆನಪಿಗೆ ಬರುವುದಿಲ್ಲ. ‘ನನಗೆ ಆ ಧ್ವನಿ ಕೇಳಿಸುತ್ತಿಲ್ಲ. ನಿಮಗೆ ಕೇಳಿಸುತ್ತಿದೆ ಅನ್ನೋದು ಗೊತ್ತಾಗ್ತಿದೆ. ಅದು ಏನು ಹೇಳ್ತಿದೆ?’ ಕೊನೆಯ ಪ್ರಶ್ನೆ ಕುತೂಹಲಕ್ಕಲ್ಲ. ತನ್ನನ್ನೋ ಇನ್ನೊಬ್ಬರನ್ನೋ ಗಾಯಗೊಳಿಸು ಎಂದು ಧ್ವನಿ ಆಜ್ಞಾಪಿಸುತ್ತಿದೆಯೇ ಎಂದು ತಿಳಿಯಲಿಕ್ಕೆ. ಭ್ರಮೆಯ ನಂಬಿಕೆಯೊಡನೆ ವಾದ ಬೇಡ, ಹೌದೆನ್ನುವುದೂ ಬೇಡ. ‘ಹಾಗನಿಸಿದಾಗ ತುಂಬ ಭಯವಾಗಬಹುದು’ ಎಂದರೆ ಸುಳ್ಳೂ ಆಗಲಿಲ್ಲ, ಜಗಳವೂ ಆಗಲಿಲ್ಲ. ಆತ್ಮಹತ್ಯೆಯ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಚಿಕಿತ್ಸೆ ಶುರುವಾಗಿ ಮನಸ್ಸಿನ ಭಾರ ಇಳಿಯುವ ಮೊದಲೇ ಮೈಗೆ ಶಕ್ತಿ ಬರುವ ದಿನಗಳು, ರಜೆಯ ಮೇಲೆ ಮನೆಗೆ ಹೋಗುವಾಗ, ಡಿಸ್‌ಚಾರ್ಜ್ ಆದ ಮೊದಲ ವಾರ: ಇವು ಅಪಾಯದ ಹೊತ್ತುಗಳು. ‘ರೋಗಿ ಇಂದು ಸುಧಾರಿಸಿದ್ದಾರೆ’ ಎಂದು ಬರೆದು ನಿಶ್ಚಿಂತರಾಗುವುದು ಇಲ್ಲೇ.

ಕಂಡದ್ದಕ್ಕೂ ಅಂದುಕೊಂಡದ್ದಕ್ಕೂ ಇರುವ ಅಂತರ ರೋಗಿಗೆ ಅತಿ ದುಬಾರಿಯಾಗುವುದು ಔಷಧದ ವಿಷಯದಲ್ಲಿ. ಹ್ಯಾಲೋಪೆರಿಡಾಲ್‌ನಂಥ ಭ್ರಮೆ ತಗ್ಗಿಸುವ ಔಷಧ ಶುರುವಾದ ಮೇಲೆ ಕೆಲವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾಲು ಆಡಿಸುತ್ತಾರೆ, ನಿಂತಲ್ಲೇ ತೂಗುತ್ತಾರೆ, ನಡೆಯುತ್ತಲೇ ಇರುತ್ತಾರೆ. ಇದು ಅಕಥೀಸಿಯಾ. ‘ಚಡಪಡಿಕೆ ಹೆಚ್ಚಾಗಿದೆ’ ಎಂದು ಬರೆದರೆ ರೋಗ ಉಲ್ಬಣಿಸಿತೆಂದು ಡೋಸ್ ಏರಬಹುದು, ಏರಿದ ಡೋಸಿನಿಂದ ಸಂಕಟ ಇನ್ನೂ ಹೆಚ್ಚಬಹುದು. ‘ಔಷಧ ಶುರುವಾಗಿ ಮೂರನೆಯ ದಿನ. ಎರಡು ನಿಮಿಷವೂ ಕೂರಲಿಲ್ಲ. “ಕಾಲೊಳಗೆ ಏನೋ ಎಳೆಯುತ್ತೆ” ಎಂದರು’ ಎಂದು ಬರೆದರೆ ವೈದ್ಯರ ಕಣ್ಣು ಔಷಧದ ಚೀಟಿಯ ಕಡೆ ತಿರುಗುತ್ತದೆ. ಕತ್ತು ಒಂದು ಬದಿಗೆ ಸೆಟೆದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅದು ಡಿಸ್ಟೋನಿಯಾ. ಮೊದಲ ಕೆಲವು ದಿನಗಳಲ್ಲಿ, ಹರೆಯದ ಗಂಡಸರಲ್ಲಿ ಹೆಚ್ಚು. ಅದನ್ನು ನಾಟಕವೆಂದು ತಳ್ಳಿಹಾಕುವುದು ದೊಡ್ಡ ಅನ್ಯಾಯ; ಗಂಟಲಿಗೆ ಹಬ್ಬಿದರೆ ಉಸಿರೇ ಕಟ್ಟಬಹುದು. ಜ್ವರ, ಸೀಸದ ಕೊಳವೆಯಂತೆ ಬಿಗಿದ ಮೈ, ಬೆವರು, ಏರಿಳಿಯುವ ನಾಡಿ ಮತ್ತು ಬಿ.ಪಿ., ಮಂಕು ಇವೆಲ್ಲ ಒಟ್ಟಿಗೆ ಕಂಡರೆ ಮುಂದಿನ ಡೋಸ್ ಕೊಡದೆ ಕೂಡಲೇ ವೈದ್ಯರನ್ನು ಕರೆಯಬೇಕು. ಅದು ಇದೇ ಔಷಧಗಳಿಂದ ಬರುವ ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಇರಬಹುದು; ಅಪರೂಪ, ಆದರೆ ಪ್ರಾಣ ತೆಗೆಯಬಲ್ಲದು.

ಉನ್ಮಾದ, ಖಿನ್ನತೆಗಳ ಏರಿಳಿತ ತಡೆಯಲು ಕೊಡುವ ಲಿಥಿಯಂ ಬಗ್ಗೆ ಪುಸ್ತಕದಲ್ಲಿ ಇರುವುದನ್ನು ಎಲ್ಲರೂ ಓದಿರುತ್ತಾರೆ: ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ತೆಗೆಯಬೇಕು, ರಕ್ತದಲ್ಲಿ ಇರಬೇಕಾದ್ದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್, 1.5 ದಾಟಿದರೆ ವಿಷ. ಪುಸ್ತಕ ಒತ್ತಿ ಹೇಳದ ಒಂದು ತಪ್ಪು ವಾರ್ಡಿನಲ್ಲಿ ನಡೆಯುತ್ತದೆ. ಹಸಿರು ಮುಚ್ಚಳದ ಕೆಲವು ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಹಾಕಿರುವುದೇ ಲಿಥಿಯಂ ಹೆಪಾರಿನ್. ಅದರಲ್ಲಿ ರಕ್ತ ತೆಗೆದರೆ ಇಲ್ಲದ ವಿಷ ವರದಿಯಲ್ಲಿ ಕಾಣುತ್ತದೆ. ಹಾಗೆಯೇ ಬೆಳಗಿನ ಮಾತ್ರೆ ಕೊಟ್ಟು ಆಮೇಲೆ ರಕ್ತ ತೆಗೆಯುವುದು. ವರದಿ ಬರುವವರೆಗೆ ಕಾಯದೆ ರೋಗಿಯನ್ನು ನೋಡಿ: ಕೈನಡುಕ ಒರಟಾಗಿದೆಯೇ, ಮಾತು ತೊದಲುತ್ತಿದೆಯೇ, ನಡೆ ತೂರಾಡುತ್ತಿದೆಯೇ, ವಾಂತಿ ಭೇದಿ ಇದೆಯೇ. ಭೇದಿಯಿಂದ ನೀರಿನಂಶ ಕಳೆದುಕೊಂಡವರಿಗೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುತ್ತಿರುವವರಿಗೆ, ಹಳೆಯ ಡೋಸೇ ಹೆಚ್ಚಾಗಿಬಿಡಬಹುದು.

ಎಣ್ಣೆಯಲ್ಲಿ ಕರಗಿಸಿದ, ವಾರಗಟ್ಟಲೆ ನಿಧಾನವಾಗಿ ಮೈಗೆ ಇಳಿಯುವ ಡೆಪೋ ಇಂಜೆಕ್ಷನ್ ಕೊಡುವುದನ್ನು ಬೊಂಬೆಯ ಮೇಲೆ ಕೈ ಪಳಗುವವರೆಗೂ ಮಾಡಿಸಬೇಕು. ಎಣ್ಣೆ ದಪ್ಪ, ಹಾಗಾಗಿ 21 ಗೇಜ್ ಸೂಜಿ. ಚರ್ಮವನ್ನು ಎರಡೂವರೆ ಸೆಂಟಿಮೀಟರಿನಷ್ಟು ಪಕ್ಕಕ್ಕೆ ಎಳೆದು ಹಿಡಿದು, ಸೂಜಿಯನ್ನು ನೇರವಾಗಿ ಆಳಕ್ಕೆ ಇಳಿಸಿ, ನಿಧಾನವಾಗಿ ಒತ್ತಿ, ಹತ್ತು ಸೆಕೆಂಡು ಕಾದು, ಸೂಜಿ ಹೊರತೆಗೆದ ಮೇಲೆ ಚರ್ಮ ಬಿಡಬೇಕು. ಆಗ ದಾರಿ ಮುಚ್ಚಿಕೊಳ್ಳುತ್ತದೆ, ಔಷಧ ಹಿಂದಕ್ಕೆ ಸೋರುವುದಿಲ್ಲ. ತಿಕ್ಕಬಾರದು. ಕಳೆದ ಸಲ ಯಾವ ಬದಿ ಎಂದು ಚೀಟಿಯಲ್ಲಿ ನೋಡಿ ಈ ಸಲ ಇನ್ನೊಂದು ಬದಿ.

ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕಾದ ರೋಗಿಯನ್ನು ಸರಿಯಾಗಿ ಗಡಿಯಾರದ ಕಾಲುಗಂಟೆಗೇ ನೋಡಲು ಹೋದರೆ ನಡುವಿನ ಹೊತ್ತು ಖಾಲಿ ಎಂಬುದು ರೋಗಿಗೂ ತಿಳಿಯುತ್ತದೆ. ಹದಿನೈದರೊಳಗೆ ಹಿಂದುಮುಂದಾಗಿ ಹೋಗಬೇಕು. ಹೋದಾಗ ಉಸಿರಾಡುತ್ತಿರುವುದನ್ನು ಕಣ್ಣಾರೆ ಕಾಣಬೇಕು, ಹೊದಿಕೆಯ ಉಬ್ಬು ನೋಡಿ ಬರುವುದಲ್ಲ. ಡ್ಯೂಟಿ ಮುಗಿಯುವಾಗ ಒಂದೇ ಪೆನ್ನಿನಿಂದ, ಒಂದೇ ಓರೆಯಲ್ಲಿ ಉದ್ದಕ್ಕೆ ಸಹಿ ಬಿದ್ದ ಚಾರ್ಟು ಶಿಕ್ಷಕಿಯ ಕಣ್ಣಿಗೆ ಬಿದ್ದರೆ, ವಿದ್ಯಾರ್ಥಿಯನ್ನು ಗದರುವುದಕ್ಕಿಂತ ಆ ರಾತ್ರಿ ವಾರ್ಡಿನಲ್ಲಿ ಎಷ್ಟು ಮಂದಿ ಇದ್ದರೆಂದು ಮೊದಲು ಕೇಳಬೇಕು.

ರೋಗಿಯನ್ನು ಕಟ್ಟುವುದು ಎಲ್ಲ ಮಾತು, ಎಲ್ಲ ಉಪಾಯ ಮುಗಿದ ಮೇಲಿನ ಮಾತು, ಅದಕ್ಕೆ ವೈದ್ಯರ ಲಿಖಿತ ಆದೇಶ ಬೇಕು. ಐವರು ಬೇಕು: ಕೈಕಾಲಿಗೆ ನಾಲ್ವರು, ತಲೆಯ ಬಳಿ ಒಬ್ಬರು, ಮಾತಾಡುವವರು ಆ ಒಬ್ಬರು ಮಾತ್ರ. ಬೋರಲಾಗಿ ಒತ್ತಿ ಹಿಡಿಯಬಾರದು, ಎದೆಯ ಮೇಲೆ ಭಾರ ಹಾಕಬಾರದು; ಉಸಿರು ನಿಂತು ಸಾವಾಗಿರುವುದು ಹೀಗೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಪಟ್ಟಿಯನ್ನು ಮಂಚದ ಚೌಕಟ್ಟಿಗೆ ಬಿಗಿಯಬೇಕೇ ಹೊರತು ಮೇಲೆಕೆಳಗೆ ಸರಿಯುವ ಪಕ್ಕದ ಕಂಬಿಗಲ್ಲ. ಬೆರಳ ತುದಿಯ ಬಣ್ಣ, ಬಿಸಿ, ನಾಡಿ ಹದಿನೈದು ನಿಮಿಷಕ್ಕೊಮ್ಮೆ. ಎರಡು ಗಂಟೆಗೊಮ್ಮೆ ಒಂದೊಂದೇ ಕೈಕಾಲು ಬಿಚ್ಚಿ ಆಡಿಸಿ, ನೀರು ಕುಡಿಸಿ, ಶೌಚಕ್ಕೆ ಕೇಳಬೇಕು. ಮೇಡಂ ಇದನ್ನು ಕಲಿಸುವಾಗ ಪ್ರತಿ ವಿದ್ಯಾರ್ಥಿಯನ್ನೂ ಹತ್ತು ನಿಮಿಷ ಕಟ್ಟಿ ಮಲಗಿಸುತ್ತಿದ್ದರು. ಮೂಗು ತುರಿಸಿದರೂ ಕೆರೆಯಲಾಗದು ಎಂಬುದು ಅಲ್ಲಿ ಮಲಗಿದವರಿಗಷ್ಟೇ ಗೊತ್ತು.

ಇ.ಸಿ.ಟಿ. (ಅರಿವಳಿಕೆ ಕೊಟ್ಟು, ವಿದ್ಯುತ್ತಿನಿಂದ ಸೆಳವು ಬರಿಸುವ ಚಿಕಿತ್ಸೆ) ಸಿದ್ಧತೆ ಪಟ್ಟಿ ಹಿಡಿದು ಕಲಿಸಬಹುದಾದದ್ದು: ಘನ ಆಹಾರ ಬಿಟ್ಟು 6 ಗಂಟೆ, ತಿಳಿ ನೀರು ಬಿಟ್ಟು 2 ಗಂಟೆ, ಕಟ್ಟಿಸಿದ ಹಲ್ಲು ತೆಗೆಸುವುದು, ಉಗುರಿನ ಬಣ್ಣ ಅಳಿಸುವುದು, ಮೂತ್ರ ಮಾಡಿಸುವುದು. ಹಿಂದಿನ ರಾತ್ರಿ ನಿದ್ದೆಗೆ ಲೊರಾಜೆಪಾಮ್ ಕೊಟ್ಟಿದ್ದರೆ ತಂಡಕ್ಕೆ ಹೇಳಲೇಬೇಕು, ಅದು ಚಿಕಿತ್ಸೆಗೆ ಬೇಕಾದ ಸೆಳವನ್ನೇ ತಡೆಯಬಹುದು. ಎಚ್ಚರವಾದಾಗ ರೋಗಿಯ ಕಿವಿಗೆ ಮೊದಲು ಬೀಳಬೇಕಾದ್ದು ತನ್ನ ಹೆಸರು, ತಾನಿರುವ ಜಾಗ, ಚಿಕಿತ್ಸೆ ಮುಗಿಯಿತೆಂಬ ಮಾತು.

ಶಿಕ್ಷಕಿಯ ಕಷ್ಟ ಇನ್ನೊಂದಿದೆ. ತರಗತಿಯಲ್ಲಿ ಕಲಿಸಿದ್ದು ಒಂದು, ವಾರ್ಡಿನಲ್ಲಿ ನಡೆಯುವುದು ಇನ್ನೊಂದು ಎಂದು ವಿದ್ಯಾರ್ಥಿಗಳು ಎರಡನೆಯ ದಿನವೇ ಕಂಡುಹಿಡಿಯುತ್ತಾರೆ. ಅವರೆದುರು ವಾರ್ಡಿನ ಸಿಸ್ಟರುಗಳನ್ನು ಹಳಿದರೆ ಆ ವಾರ್ಡಿನಲ್ಲಿ ಮತ್ತೆ ಕಲಿಸಲು ಜಾಗ ಇರುವುದಿಲ್ಲ. ಮೇಡಂ ಸಂಜೆಯ ಸಭೆಗೆ ಇನ್‌ಚಾರ್ಜ್ ಸಿಸ್ಟರನ್ನೂ ಕರೆದು ಕೂರಿಸುತ್ತಿದ್ದರು. ಪುಸ್ತಕದ ಪ್ರಕಾರ ಮಾಡಲು ಏನು ಅಡ್ಡ ಬರುತ್ತದೆ ಎಂಬುದು ಅವರ ಬಾಯಿಂದ ಬಂದಾಗ ದೂರು ಹೋಗಿ ಕಾರಣ ಕಾಣುತ್ತಿತ್ತು.

ಪೋಸ್ಟಿಂಗ್ ಮುಗಿಯುವ ತಾರೀಕನ್ನು ರೋಗಿಗೆ ಮೊದಲ ಭೇಟಿಯಲ್ಲೇ ಹೇಳಿಸುತ್ತಿದ್ದರು. ಕೊನೆಯ ವಾರ ಮತ್ತೆ ನೆನಪಿಸಬೇಕು. ಆಗ ರೋಗಿ ಭೇಟಿಗೆ ಬಾರದೆ ಇರಬಹುದು, ಸಿಟ್ಟಾಗಬಹುದು, ಹಳೆಯ ಲಕ್ಷಣ ಮರಳಬಹುದು. ಬಿಟ್ಟುಹೋಗುವವರ ಅನುಭವ ಅವರಿಗೆ ಮೊದಲಿನದಲ್ಲ. ಫೋನ್ ನಂಬರ್ ಕೊಡುವುದಿಲ್ಲ, ಮತ್ತೆ ಬರುತ್ತೇನೆಂಬ ಮಾತು ಕೊಡುವುದಿಲ್ಲ. ಯಾವ ಮಾತಿಗೆ ಅವರು ತೆರೆದುಕೊಳ್ಳುತ್ತಾರೆ, ಯಾವ ಹೊತ್ತಿಗೆ ಕಂಗೆಡುತ್ತಾರೆ ಎಂದು ಬರೆದು ವಾರ್ಡಿನ ಸಿಸ್ಟರಿಗೆ ಕೊಟ್ಟು, ಅವರನ್ನು ರೋಗಿಗೆ ಹೆಸರು ಹೇಳಿ ಪರಿಚಯಿಸಿ ಹೊರಡಬೇಕು. ವಿದ್ಯಾರ್ಥಿಗಳು ಹೊರಟ ಆ ಮಧ್ಯಾಹ್ನ ಮೇಡಂ ವಾರ್ಡಿನಲ್ಲೇ ಉಳಿಯುತ್ತಿದ್ದರು. ಯಾರು ಊಟ ಬಿಟ್ಟರು, ಯಾರು ಗೋಡೆಗೆ ಮುಖ ಮಾಡಿ ಮಲಗಿದರು, ಎಷ್ಟು ಗಂಟೆಗೆ ಎದ್ದರು ಎಂಬುದನ್ನು ಹೊತ್ತು ಸಮೇತ ಕೇಸ್ ಶೀಟಿನಲ್ಲಿ ಅವರೇ ಬರೆಯುತ್ತಿದ್ದರು.